ಊರಿಲ್ಲದ ಊರಿನ ಅಸೋಸಿಯೇಷನ್: ಹ್ಯೂಸ್ಟನ್ ಪಶ್ಚಿಮಕ್ಕೆ ಬಂದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್, ಜುಲೈ ಬಂತೆಂದರೆ ನಮ್ಮ ಕಡೆ ಮೂವಿಂಗ್ ಟ್ರಕ್‌ಗಳ ಕಾಲ. ಶಾಲೆ ಶುರುವಾಗುವ ಮೊದಲೇ ಮನೆ ಸೇರಬೇಕೆಂದು ಬರುವವರಲ್ಲಿ ಕನ್ನಡದ ಸಂಸಾರಗಳೂ ಇರುತ್ತವೆ. ಕಾಫಿಗೆ ಕರೆದರೆ ಎರಡನೇ ಲೋಟದ ಹೊತ್ತಿಗೆ ಅಸೋಸಿಯೇಷನ್, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದ ಮಾತು ಬಂದೇ ಬರುತ್ತದೆ. ನಾನು ಕೆಲವು ವರ್ಷ ನಮ್ಮ ಬಡಾವಣೆಯಲ್ಲಿ ಅದನ್ನು ನಡೆಸುವ ಬೋರ್ಡ್‌ನಲ್ಲಿದ್ದೆ. ಅದಕ್ಕೂ ಮೊದಲು ಅದೇ ಬೋರ್ಡ್‌ನಿಂದ ನೋಟಿಸ್ ತಿಂದಿದ್ದೆ. ಎರಡೂ ಕಡೆ ನೋಡಿದವನಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕಾನೂನಿನ ಮಾತೆಲ್ಲ ಟೆಕ್ಸಸ್‌ನದು. ನ್ಯೂಜೆರ್ಸಿಯಲ್ಲಿರುವ ನಿಮ್ಮ ಭಾವನಿಗೆ ಇದನ್ನು ಕಳಿಸಬೇಡಿ, ಅಲ್ಲಿ ಬೇರೆ.

ಅಡ್ರೆಸ್‌ನಲ್ಲಿ ಕೇಟಿ ಅಂತಿದೆ. ಆದರೂ ನಾವು ಕೇಟಿಯವರಲ್ಲ ಅಂತಾರಲ್ಲ, ಹೇಗೆ?

ಅಂಚೆಯವರ ಲೆಕ್ಕದಲ್ಲಿ ನೀವು ಕೇಟಿಯವರು. ಕೇಟಿ ನಗರಸಭೆಯ ಲೆಕ್ಕದಲ್ಲಿ ನೀವು ಯಾರೂ ಅಲ್ಲ. ನಿಜವಾದ ಕೇಟಿ ನಗರ ಚಿಕ್ಕದು. ಅದರ ಗಡಿ ಮುಗಿದ ಮೇಲೂ ಮೈಲುಗಟ್ಟಲೆ ಅದೇ ಹೆಸರು ನಡೆಯುತ್ತದೆ. ಸೈಪ್ರೆಸ್ ಕಥೆ ಇನ್ನೂ ಮಜಾ. ಹೆಸರಿದೆ, ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲ ಇವೆ, ಆದರೆ ಅಂಥದೊಂದು ನಗರವೇ ಇಲ್ಲ. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ.

ಹೀಗೆ ಯಾವ ನಗರದ ಗಡಿಯೊಳಗೂ ಬಾರದ ಜಾಗವನ್ನು ಅನ್‌ಇನ್‌ಕಾರ್ಪೊರೇಟೆಡ್ ಅನ್ನುತ್ತಾರೆ. ಹ್ಯಾರಿಸ್ ಕೌಂಟಿಯೊಂದರಲ್ಲೇ ಸುಮಾರು 20 ಲಕ್ಷ ಜನ ಹೀಗಿದ್ದಾರೆ. ನಮ್ಮ ಕಡೆ ಕಾರ್ಪೊರೇಷನ್ ಗಡಿಯಾಚೆಯ ಲೇಔಟ್ ಇರುತ್ತಲ್ಲ, ಹಾಗೆ ಅಂದುಕೊಳ್ಳಬಹುದು. ಆದರೆ ಅಲ್ಲಿ ಗ್ರಾಮ ಪಂಚಾಯಿತಿಯಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ, ನೇರವಾಗಿ ಕೌಂಟಿ. ಅಂದರೆ ಹೆಚ್ಚುಕಡಿಮೆ ಜಿಲ್ಲೆ.

ಹಾಗಾದರೆ ನೀರು, ಕಸ, ಬೆಂಕಿ, ಪೊಲೀಸ್ ಇವಕ್ಕೆಲ್ಲ ಯಾರನ್ನು ಕೇಳಬೇಕು?

ಇದೊಂದು ಗೊತ್ತಾದರೆ ಅರ್ಧ ತಲೆನೋವು ಹೋಯಿತು. ಹೊಸಬರು ಎಲ್ಲದಕ್ಕೂ ಅಸೋಸಿಯೇಷನ್‌ಗೇ ಫೋನ್ ಮಾಡುತ್ತಾರೆ. ನನಗೆ ಬರುತ್ತಿದ್ದ ಕರೆಗಳಲ್ಲಿ ಎಷ್ಟೋ ನಮ್ಮ ಕೆಲಸವೇ ಆಗಿರಲಿಲ್ಲ.

ರಸ್ತೆ ಕೌಂಟಿಯದು. ಗುಂಡಿ ಬಿದ್ದರೆ ನಿಮ್ಮ ಪ್ರಿಸಿಂಕ್ಟ್‌ನ, ಅಂದರೆ ಕೌಂಟಿಯ ನಿಮ್ಮ ಭಾಗದ, ಕಮಿಷನರ್ ಆಫೀಸಿಗೆ ಹೇಳಬೇಕು. ಹ್ಯಾರಿಸ್‌ನಲ್ಲಿ ನಾಲ್ಕು ಪ್ರಿಸಿಂಕ್ಟ್ ಇವೆ. ಗೇಟ್ ಹಾಕಿದ ಬಡಾವಣೆಯಾದರೆ ಮಾತ್ರ ಒಳಗಿನ ರಸ್ತೆ ಅಸೋಸಿಯೇಷನ್ನಿನದೇ ಇರಬಹುದು. ಕುಡಿಯುವ ನೀರು, ಒಳಚರಂಡಿ ಎಂಯುಡಿಯದು, ಅದೇನು ಅಂತ ಮುಂದಿನ ಪ್ರಶ್ನೆಯಲ್ಲಿದೆ. ಬೆಂಕಿ ಮತ್ತು ಆಂಬುಲೆನ್ಸ್ ಎಮರ್ಜೆನ್ಸಿ ಸರ್ವಿಸಸ್ ಡಿಸ್ಟ್ರಿಕ್ಟ್ ಅನ್ನುವುದರದು. ಅದಕ್ಕೂ ತೆರಿಗೆ ಇದೆ, ಆದರೆ ಮನೆ ಬೆಲೆಯ ಪ್ರತಿ 100 ಡಾಲರಿಗೆ 10 ಸೆಂಟ್ ದಾಟುವಂತಿಲ್ಲ. ಪೊಲೀಸ್ ಅಂದರೆ ಕೌಂಟಿಯ ಷೆರಿಫ್ ಇಲಾಖೆ, ಇಲ್ಲವೇ ಕಾನ್‌ಸ್ಟೇಬಲ್. ಬೀದಿ ದೀಪ ಆರಿದ್ದರೆ ಕಂಬದ ಮೇಲಿನ ನಂಬರ್ ನೋಡಿಕೊಂಡು ವಿದ್ಯುತ್ ತಂತಿಯ ಕಂಪನಿಗೆ ತಿಳಿಸಿ. ಕಸವನ್ನು ಕೆಲವು ಕಡೆ ಎಂಯುಡಿ, ಕೆಲವು ಕಡೆ ಅಸೋಸಿಯೇಷನ್ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿರುತ್ತದೆ. ನಿಮ್ಮಲ್ಲಿ ಯಾರು ಅಂತ ಮೊದಲ ವಾರವೇ ಕೇಳಿಕೊಳ್ಳಿ.

ಇನ್ನು ಉಳಿದದ್ದು ಈಜುಕೊಳ, ಪಾರ್ಕ್, ಬಡಾವಣೆಯ ಬಾಗಿಲಿನ ಹೂಗಿಡ, ಮತ್ತು ನಿಮ್ಮ ಮನೆ ಹೊರಗಿನಿಂದ ಹೇಗೆ ಕಾಣುತ್ತದೆ ಅನ್ನುವುದು. ಅಷ್ಟೇ ಅಸೋಸಿಯೇಷನ್.

ಎಂಯುಡಿ, ಎಂಯುಡಿ ಅಂತಾರೆ. ಏನದು?

ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ನಗರವೇ ಇಲ್ಲದ ಬಯಲಲ್ಲಿ ನೀರಿನ ಪೈಪ್ ಹಾಕುವವರು ಯಾರು? ಡೆವಲಪರ್ ಹಾಕುತ್ತಾನೆ. ಆಮೇಲೆ ಎಂಯುಡಿ ಬಾಂಡ್ ಮಾರಿ ಅವನ ದುಡ್ಡು ವಾಪಸ್ ಕೊಡುತ್ತದೆ. ಆ ಸಾಲವನ್ನು ವರ್ಷಾನುಗಟ್ಟಲೆ ನೀವು ತೆರಿಗೆಯಲ್ಲಿ ತೀರಿಸುತ್ತೀರಿ. ಹೊಸ ಬಡಾವಣೆಯಲ್ಲಿ ಸಾಲ ಹೊಸದು, ಸಾಮಾನ್ಯವಾಗಿ ದರವೂ ಜಾಸ್ತಿ. ಹಳೆಯದರಲ್ಲಿ ಸಾಲ ತೀರುತ್ತಾ ಬಂದಿರುತ್ತದೆ.

ಲೆಕ್ಕ ಹಾಕಿ ನೋಡಿ. ಮನೆ 4 ಲಕ್ಷ ಡಾಲರ್, ಎಂಯುಡಿ ದರ 100ಕ್ಕೆ 80 ಸೆಂಟ್ ಆದರೆ ವರ್ಷಕ್ಕೆ 3,200 ಡಾಲರ್. ಪಕ್ಕದ ಹಳೆ ಬಡಾವಣೆಯಲ್ಲಿ ದರ 30 ಸೆಂಟ್ ಇದ್ದರೆ ಅಷ್ಟೇ ಬೆಲೆಯ ಮನೆಗೆ 1,200. ಕಿಚನ್ನಿನ ಗ್ರಾನೈಟ್ ನೋಡಿ ಮನೆ ಆರಿಸುವ ಮೊದಲು ಇದನ್ನು ನೋಡಿ.

ಎಂಯುಡಿ ಸರ್ಕಾರದ ಒಂದು ತುಂಡು. ಐದು ಜನ ನಿರ್ದೇಶಕರು, ಚುನಾವಣೆಯಲ್ಲಿ ಗೆದ್ದು ಬರುವವರು. ಅಸೋಸಿಯೇಷನ್ ಸರ್ಕಾರ ಅಲ್ಲ, ಖಾಸಗಿ ಸಂಸ್ಥೆ. ಎರಡರ ಹೆಸರೂ ಒಂದೇ ಥರ ಇರುವುದರಿಂದ ಗೊಂದಲ ಆಗುವುದು ಸಹಜ.

ಅಸೋಸಿಯೇಷನ್ ಸೇರದೆ ಇರಬಹುದಾ?

ಇಲ್ಲ. ಬೆಂಗಳೂರಿನಲ್ಲಿ ಲೇಔಟ್ ನಿವಾಸಿಗಳ ಸಂಘದವರು ಚಂದಾ ಕೇಳಲು ಬಂದರೆ "ಮುಂದಿನ ತಿಂಗಳು ನೋಡೋಣ ಸಾರ್" ಅಂದು ಬಾಗಿಲು ಹಾಕಿಕೊಳ್ಳಬಹುದು. ಇಲ್ಲಿ ಸದಸ್ಯತ್ವ ಅಂಟಿಕೊಂಡಿರುವುದು ಮನೆಗೆ, ಮನುಷ್ಯನಿಗಲ್ಲ. ಡೀಡ್ ರಿಸ್ಟ್ರಿಕ್ಷನ್ ಅನ್ನುವ ಕಾಗದ, ಅಂದರೆ ಮನೆ, ಜಾಗವನ್ನು ಹೇಗೆ ಬಳಸಬೇಕು ಅನ್ನುವ ನಿಯಮಗಳ ಪತ್ರ, ಕೌಂಟಿ ಕ್ಲರ್ಕ್ ಆಫೀಸಿನಲ್ಲಿ ನೋಂದಣಿಯಾಗಿರುತ್ತದೆ. ಮನೆ ಕೊಂಡ ದಿನವೇ ನೀವು ಅದಕ್ಕೆ ಒಪ್ಪಿದಂತೆ. ಕ್ಲೋಸಿಂಗ್ ದಿನ ಕೈ ನೋಯುವಷ್ಟು ಸಹಿ ಹಾಕಿರುತ್ತೀರಲ್ಲ, ಆ ಕಟ್ಟಿನ ಜೊತೆಗೇ ಇದೂ ಬಂದಿರುತ್ತದೆ. ಓದಿ. ಬೇಜಾರಾಗುತ್ತದೆ, ಆದರೂ ಓದಿ.

ವರ್ಷದ ಫೀಸು ಮನೆಯ ಕಂತಿನಲ್ಲೇ ಹೋಗುತ್ತೆ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆಸ್ತಿ ತೆರಿಗೆ, ಇನ್ಶೂರೆನ್ಸ್ ಎರಡನ್ನೂ ಬ್ಯಾಂಕು ಎಸ್ಕ್ರೋದಿಂದ, ಅಂದರೆ ಕಂತಿನ ಜೊತೆ ನಮ್ಮಿಂದ ಪಡೆದು ಎತ್ತಿಟ್ಟ ಹಣದಿಂದ, ಕಟ್ಟುತ್ತಿತ್ತು. ಅಸೋಸಿಯೇಷನ್ ಫೀಸನ್ನೂ ಅದೇ ಕಟ್ಟುತ್ತಿದೆ ಅಂತ ನೆಮ್ಮದಿಯಾಗಿದ್ದೆ. ಮಾರ್ಚಿನಲ್ಲಿ ಬಡ್ಡಿ ಸಮೇತ ಬಿಲ್ ಬಂತು. ಸಾಮಾನ್ಯವಾಗಿ ಇದು ಎಸ್ಕ್ರೋದಲ್ಲಿ ಬರುವುದಿಲ್ಲ, ನೀವೇ ಕಟ್ಟಬೇಕು. ಬಹಳ ಕಡೆ ಜನವರಿಯಲ್ಲೇ ಗಡುವು. ಆಸ್ತಿ ತೆರಿಗೆಗೂ ಜನವರಿ 31 ಕೊನೆಯ ದಿನ. ಇನ್ನೊಂದು ವಿಷಯ: ಎಂಯುಡಿ ತೆರಿಗೆಯ ಬಿಲ್ ಕೌಂಟಿಯ ಬಿಲ್ಲಿನಲ್ಲಿ ಇರದೆ ಬೇರೆ ಆಫೀಸಿನಿಂದ ಬರುವುದುಂಟು. ಎಸ್ಕ್ರೋ ಇಲ್ಲದವರು ಅದನ್ನು ಸುಮ್ನೆ ಜಾಹೀರಾತು ಅಂತ ಎಸೆದು ಸಿಕ್ಕಿಬಿದ್ದಿದ್ದಾರೆ.

ಫೀಸು ಕಟ್ಟದಿದ್ದರೆ ಮನೆಯನ್ನೇ ಕಿತ್ತುಕೊಳ್ಳುತ್ತಾರಂತೆ, ನಿಜವಾ?

ಆಗಬಹುದು. ಆದರೆ ಒಂದೇ ಸಲ ಅಲ್ಲ. ವಕೀಲರಿಗೋ ವಸೂಲಿಯವರಿಗೋ ಕೇಸು ಕೊಡುವ ಮೊದಲು ಅಸೋಸಿಯೇಷನ್ ನಿಮಗೆ ನೋಟಿಸ್ ಕೊಡಬೇಕು, ಸರ್ಟಿಫೈಡ್ ಮೇಲ್ (ನಮ್ಮ ಕಡೆಯ ರಿಜಿಸ್ಟರ್ಡ್ ಪೋಸ್ಟ್ ಇದ್ದ ಹಾಗೆ) ಕಳಿಸಬೇಕು, 45 ದಿನ ಸಮಯ ಕೊಡಬೇಕು. 14ಕ್ಕಿಂತ ಜಾಸ್ತಿ ಮನೆಗಳಿರುವ ಅಸೋಸಿಯೇಷನ್ ಕಂತಿನಲ್ಲಿ ಕಟ್ಟುವ ದಾರಿಯನ್ನೂ ಇಟ್ಟಿರಬೇಕು, ಕನಿಷ್ಠ ಮೂರು ತಿಂಗಳಿಗೆ. ಹರಾಜಿಗೆ ಹೋಗಬೇಕಾದರೆ ಕೋರ್ಟಿನ ಮೂಲಕವೇ ಹೋಗಬೇಕು. ಬರೀ ದಂಡದ ಬಾಕಿಗೆ, ಅಂದರೆ ಹುಲ್ಲು ಕತ್ತರಿಸಲಿಲ್ಲ ಅನ್ನುವಂಥದಕ್ಕೆ, ಮನೆ ಹರಾಜು ಹಾಕುವಂತಿಲ್ಲ. ಹರಾಜಾದ ಮೇಲೂ, ಅಸೋಸಿಯೇಷನ್ ಅದರ ನೋಟಿಸ್ ಕಳಿಸಿದ ದಿನದಿಂದ 180 ದಿನದೊಳಗೆ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕಿದೆ. ಇದೆಲ್ಲ ಟೆಕ್ಸಸ್ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯದಲ್ಲಿದೆ.

ಕೈ ಬಿಗಿಯಾಗಿದ್ದರೆ ಫೋನ್ ಎತ್ತಿ ಮಾತಾಡಿ. ಕೆಲಸ ಹೋಗಿ ಸಂಕೋಚಕ್ಕೆ ಸುಮ್ಮನಿದ್ದವರ ಬಾಕಿ ಬೆಳೆದಿದ್ದು ಫೀಸಿನಿಂದಲ್ಲ, ವಕೀಲರ ಖರ್ಚಿನಿಂದ.

ಮನೆಗೆ ಪತ್ರ ಬಂದಿದೆ. ನಾವೇನು ತಪ್ಪು ಮಾಡಿದ್ದೇವೆ?

ನನಗೆ ಬಂದ ಮೊದಲ ಪತ್ರ ಇನ್ನೂ ಇಟ್ಟುಕೊಂಡಿದ್ದೇನೆ. ಬಿಳಿ ಕವರ್, ಒಳಗೆ ಒಂದು ಹಾಳೆ, ಕೆಳಗೆ ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಿಳುಪು ಫೋಟೋ. ಫೋಟೋದಲ್ಲಿ ನಮ್ಮ ಗ್ಯಾರೇಜಿನ ಪಕ್ಕ ಕಸದ ಡಬ್ಬಿ, ಮುಚ್ಚಳ ಅರ್ಧ ತೆರೆದು ನಿಂತಿದೆ. ಮೂಲೆಯಲ್ಲಿ ತಾರೀಕು, ಸಮಯ. ಬೆಳಿಗ್ಗೆ 9:42. "ಡಬ್ಬಿ ರಸ್ತೆಗೆ ಕಾಣುವಂತಿದೆ" ಅಂತ ಆರೋಪ. ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ನನಗೆ ಮಾತ್ರ ಯಾರೋ ಕಳ್ಳನ ಫೋಟೋ ತೆಗೆದ ಹಾಗೆ ಅನಿಸಿ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಬೋರ್ಡ್‌ಗೆ ಹೋದಾಗ ತಿಳಿಯಿತು. ಮ್ಯಾನೇಜ್‌ಮೆಂಟ್ ಕಂಪನಿಯ ಒಬ್ಬರು ಕಾರಿನಲ್ಲಿ ನಿಧಾನವಾಗಿ ಬೀದಿ ಸುತ್ತುತ್ತಾ ಕ್ಲಿಕ್ ಮಾಡಿಕೊಂಡು ಹೋಗುತ್ತಾರೆ. ಅದರಲ್ಲಿ ಕೋಪವೂ ಇಲ್ಲ, ದ್ವೇಷವೂ ಇಲ್ಲ. ಮೊದಲ ಪತ್ರ ಸಾಮಾನ್ಯವಾಗಿ ನೆನಪೋಲೆ ಅಷ್ಟೇ. ಡಬ್ಬಿ ಒಳಗಿಡಿ, ಮುಗಿಯಿತು.

ದಂಡ ಹಾಕುವ ಮಾತು ಬಂದಾಗ ಮಾತ್ರ ಗಂಭೀರ. ಅದಕ್ಕೆ ಮೊದಲು ಸರ್ಟಿಫೈಡ್ ಮೇಲ್‌ನಲ್ಲಿ ನೋಟಿಸ್ ಬರಬೇಕು, ತಪ್ಪು ಸರಿಮಾಡಲು ಸಮಯ ಇರಬೇಕು. ನೋಟಿಸ್ ಕಳಿಸಿದ 30 ದಿನದೊಳಗೆ ನೀವು ಬರವಣಿಗೆಯಲ್ಲಿ ವಿಚಾರಣೆ ಕೇಳಬಹುದು. ವಿಚಾರಣೆಗೆ 10 ದಿನ ಮೊದಲೇ ಅವರು ತಮ್ಮ ಸಾಕ್ಷ್ಯದ ಕಾಗದಗಳನ್ನು ನಿಮಗೆ ಕೊಡಬೇಕು. ಆರು ತಿಂಗಳೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಈ ಸಮಯಾವಕಾಶ ಇನ್ನೊಮ್ಮೆ ಸಿಗುವುದಿಲ್ಲ. ಯಾವ ತಪ್ಪಿಗೆ ಎಷ್ಟು ದಂಡ ಅನ್ನುವ ಪಟ್ಟಿಯನ್ನು ದಂಡ ಹಾಕುವ ಅಸೋಸಿಯೇಷನ್‌ಗಳು 2024ರಿಂದ ಮಾಡಿಟ್ಟಿರಲೇಬೇಕು. ಅದನ್ನು ಕೇಳಿ ಪಡೆಯಿರಿ.

ವಿಚಾರಣೆ ಅಂದರೆ ಹೆದರಬೇಡಿ. ಕ್ಲಬ್‌ಹೌಸಿನಲ್ಲಿ ಮಡಚುವ ಟೇಬಲ್ಲು, ಆಚೆ ಕಡೆ ಮೂವರೋ ಐವರೋ ನಿಮ್ಮ ನೆರೆಹೊರೆಯವರೇ. ಕೂಗಾಡಿದವರಿಗಿಂತ ಎರಡು ಫೋಟೋ ತಂದವರು ಗೆದ್ದಿದ್ದನ್ನೇ ನಾನು ಜಾಸ್ತಿ ನೋಡಿದ್ದು.

ಬಾಗಿಲಿಗೆ ತೋರಣ ಕಟ್ಟಬಹುದಾ? ರಂಗೋಲಿ? ತುಳಸಿ ಕಟ್ಟೆ?

ಧಾರಾಳವಾಗಿ. ಮನಸ್ಸಿನ ನಂಬಿಕೆಯಿಂದ ಇಟ್ಟ ಧಾರ್ಮಿಕ ವಸ್ತುವನ್ನು ಅಸೋಸಿಯೇಷನ್ ಬೇಡ ಅನ್ನುವಂತಿಲ್ಲ. 2011ರಲ್ಲಿ ಈ ಕಾನೂನು ಬಂದಾಗ ಬಾಗಿಲು, ಚೌಕಟ್ಟಿಗೆ ಮಾತ್ರ ಇತ್ತು, ಅದೂ ಇಷ್ಟೇ ಅಳತೆ ಅಂತ. 2021ರಲ್ಲಿ ತಿದ್ದಿ, ಮನೆ ಮತ್ತು ನಿಮ್ಮ ಜಾಗ ಪೂರ್ತಿಗೆ ವಿಸ್ತರಿಸಿದರು. ಮಿತಿಗಳಿವೆ: ಜನರಿಗೆ ಅಪಾಯ ಆಗಬಾರದು, ಅಸೋಸಿಯೇಷನ್ನಿನ ಸ್ವಂತ ಜಾಗದಲ್ಲಿ ಇಡಬಾರದು, ಕಟ್ಟಡಕ್ಕೆ ಬಿಡಬೇಕಾದ ಅಂತರ ಮೀರಬಾರದು.

ನಮ್ಮ ಬೀದಿಯಲ್ಲಿ ಒಂದು ಗೃಹಪ್ರವೇಶಕ್ಕೆ ಬಾಗಿಲ ಎರಡೂ ಕಡೆ ಬಾಳೆಕಂದು ಕಟ್ಟಿದ್ದರು. ಒಬ್ಬ ಹಿರಿಯರು, ಒಳ್ಳೆಯವರೇ, "ಆ ಮರ ಅನುಮತಿ ಇರುವ ಪಟ್ಟಿಯಲ್ಲಿಲ್ಲ" ಅಂತ ಬೋರ್ಡ್‌ಗೆ ಬರೆದರು. ಅದು ನೆಟ್ಟ ಮರ ಅಲ್ಲ, ಮೂರು ದಿನ ಬಿಟ್ಟು ತೆಗೆಯುತ್ತಾರೆ ಅಂತ ನಾನು ವಿವರಿಸಿದೆ. ಮುಂದಿನ ಯುಗಾದಿಗೆ ಅದೇ ಮನೆಯವರು ಅವರನ್ನು ಒಬ್ಬಟ್ಟಿನ ಊಟಕ್ಕೆ ಕರೆದರು. ಮೊದಲೇ ಪಕ್ಕದ ಮನೆಗೆ ಒಂದು ಮಾತು ಹೇಳಿದ್ದರೆ ಪತ್ರವೂ ಬರುತ್ತಿರಲಿಲ್ಲ.

ತುಳಸಿ ಕಟ್ಟೆ ಕಟ್ಟುವುದಾದರೆ ಹಿತ್ತಿಲಲ್ಲಿ ಕಟ್ಟಿ. ಮುಂದೆ ಸಿಮೆಂಟಿನ ಕಟ್ಟೆ ಕಟ್ಟಿ ಕಾನೂನಿನ ಮಾತಾಡಬಹುದು, ಆದರೆ ಚಳಿಗಾಲದಲ್ಲಿ ಗಿಡ ಒಳಗೆ ತರಬೇಕಾಗುತ್ತದೆ, ಆಗ ಕುಂಡವೇ ವಾಸಿ.

ಅಮ್ಮ ಡ್ರೈವ್‌ವೇಯಲ್ಲಿ ಸಂಡಿಗೆ ಒಣಗಿಸಬೇಕು ಅಂತಾರೆ.

ಹಿತ್ತಿಲು. ಟೆಕ್ಸಸ್ ಬಿಸಿಲಿಗೆ ಅಲ್ಲೂ ಒಂದೇ ದಿನಕ್ಕೆ ಗರಿಗರಿ. ಅಳಿಲಿನ ಮೇಲೆ ಒಂದು ಕಣ್ಣಿರಲಿ.

ಸೋಲಾರ್ ಹಾಕಲು, ಬೇಲಿ ಬದಲಿಸಲು, ಬಣ್ಣ ಹೊಡೆಸಲು ಅನುಮತಿ ಬೇಕಾ?

ಹೊರಗೆ ಕಾಣುವ ಯಾವ ಬದಲಾವಣೆಗೂ ಮೊದಲು ಅರ್ಜಿ, ಆಮೇಲೆ ಕೆಲಸ. ಸೋಲಾರನ್ನು ಅಸೋಸಿಯೇಷನ್ ಪೂರ್ತಿ ಬೇಡ ಅನ್ನುವಂತಿಲ್ಲ. ಚಾವಣಿಯ ಯಾವ ಕಡೆ ಅಂತ ಹೇಳಬಹುದು. ಆದರೆ ನೀವು ಕೇಳುವ ಕಡೆ ವಿದ್ಯುತ್ ಶೇ 10ಕ್ಕಿಂತ ಜಾಸ್ತಿ ಬರುವುದಾದರೆ ಅಲ್ಲೇ ಹಾಕಬಹುದು. ಲೆಕ್ಕವನ್ನು ಸೋಲಾರ್ ಕಂಪನಿಯವರಿಂದ ಬರೆಸಿಕೊಳ್ಳಿ. ಮಳೆ ನೀರಿನ ಪೀಪಾಯಿ, ಕಾಂಪೋಸ್ಟ್, ಜನರೇಟರ್ ಇವಕ್ಕೂ ಕಾನೂನಿನ ರಕ್ಷಣೆ ಇದೆ. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದು 20 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟು ಹೋದ ಮೇಲೆ ಜನರೇಟರ್ ಅರ್ಜಿಗಳು ರಾಶಿ ಬಿದ್ದವು.

ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. 30 ದಿನದೊಳಗೆ ಬೋರ್ಡ್‌ಗೆ ಮೇಲ್ಮನವಿ ಹಾಕಿ.

ಬಡಾವಣೆ ಪಕ್ಕದ ಖಾಲಿ ಜಾಗದಲ್ಲಿ ಗೋದಾಮು ಬರುತ್ತಿದೆ. ಅಸೋಸಿಯೇಷನ್ ತಡೆಯುತ್ತಾ?

ತಡೆಯಲು ಆಗುವುದಿಲ್ಲ. ಈ ಉತ್ತರ ಕೇಳಿ ಬಹಳ ಜನರಿಗೆ ಸಿಟ್ಟು ಬರುತ್ತದೆ. ನಮ್ಮ ಕೌಂಟಿಗೆ ಝೋನಿಂಗ್, ಅಂದರೆ ಯಾವ ಜಾಗದಲ್ಲಿ ಏನು ಬರಬಹುದು ಅಂತ ಗೊತ್ತುಮಾಡುವ ಅಧಿಕಾರ ಇಲ್ಲ. ಅಷ್ಟೇಕೆ, ಹ್ಯೂಸ್ಟನ್ ನಗರದಲ್ಲೇ ಝೋನಿಂಗ್ ಇಲ್ಲ. ಇಲ್ಲಿ ಮನೆ ಪಕ್ಕ ಮನೆಯೇ ಇರಬೇಕು ಅನ್ನುವುದನ್ನು ಕಾಯುವುದು ಡೀಡ್ ರಿಸ್ಟ್ರಿಕ್ಷನ್ ಒಂದೇ, ಅದೂ ಬಡಾವಣೆಯ ಬೇಲಿಯೊಳಗೆ ಮಾತ್ರ. ಕಸದ ಡಬ್ಬಿಗೆ ಕಿರಿಕಿರಿ ಮಾಡುತ್ತಾರೆ ಅಂತ ಬೈಯುತ್ತೇವಲ್ಲ, ಅದೇ ಕಾಗದವೇ ಎದುರು ಮನೆಯನ್ನು ಟೈರ್ ಅಂಗಡಿ ಮಾಡದಂತೆ ತಡೆದಿರುವುದು. ಹೊರಗಿನ ಜಾಗದ ವಿಷಯದಲ್ಲಿ ಕೌಂಟಿ ನೀರಿನ ಹರಿವು, ಪ್ರವಾಹ ಮಟ್ಟ ನೋಡುತ್ತದೆ. ಆ ದಾರಿಯಲ್ಲಿ ಪ್ರಶ್ನೆ ಎತ್ತಬಹುದು.

ಮನೆ ಹಿಂದೆ ಚಂದದ ಕೆರೆ ಇದೆ. ಅದು ಯಾರದು?

ಅದು ಕೆರೆ ಅಲ್ಲ, ಮಳೆ ನೀರು ತಡೆಹಿಡಿಯುವ ಗುಂಡಿ. ಎಂಯುಡಿಯದೋ, ಅಸೋಸಿಯೇಷನ್ನಿನದೋ, ಕೌಂಟಿಯ ಫ್ಲಡ್ ಕಂಟ್ರೋಲ್ ಡಿಸ್ಟ್ರಿಕ್ಟ್‌ನದೋ ಇರಬಹುದು. ಪ್ಲಾಟ್ ನಕ್ಷೆಯಲ್ಲಿ ನೋಡಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಹ್ಯೂಸ್ಟನ್ ಪಶ್ಚಿಮದ ಬಾರ್ಕರ್, ಆಡಿಕ್ಸ್ ಜಲಾಶಯಗಳದು. 1940ರ ದಶಕದಲ್ಲಿ ಸೇನೆಯ ಎಂಜಿನಿಯರ್‌ಗಳು ಕಟ್ಟಿದ ಒಡ್ಡುಗಳು. ಮಾಮೂಲಿ ದಿನ ಒಳಗೆ ನೀರೇ ಇರುವುದಿಲ್ಲ, ಜನ ಸೈಕಲ್ ಹೊಡೆಯುತ್ತಾರೆ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದಾಗ ನೀರು ಸರ್ಕಾರದ ಜಾಗ ದಾಟಿ ಹಿಂದಕ್ಕೆ ಹರಡಿ ಮನೆಗಳಿಗೆ ನುಗ್ಗಿತು. ಅಲ್ಲಿದ್ದ ಎಷ್ಟೋ ಜನರಿಗೆ ತಮ್ಮ ಮನೆ ಜಲಾಶಯದ ಹೊಟ್ಟೆಯೊಳಗಿದೆ ಅಂತಲೇ ಗೊತ್ತಿರಲಿಲ್ಲ. ಈಗ ಮಾರುವವರು ಅದನ್ನು ಬರೆದು ತಿಳಿಸಬೇಕು. ಆ ಹಾಳೆಯನ್ನು ಸಹಿಗೆ ಮೊದಲು ಓದಿ. ಇದು ಅಸೋಸಿಯೇಷನ್ ಕೆಲಸ ಅಲ್ಲ, ಆದರೂ ನನ್ನನ್ನು ಕೇಳಿದರೆ ಇದೇ ಮೊದಲ ಪ್ರಶ್ನೆ ಆಗಬೇಕಿತ್ತು.

ಕಾನ್‌ಸ್ಟೇಬಲ್ ಗಸ್ತಿಗೆ ಅಸೋಸಿಯೇಷನ್ ಯಾಕೆ ದುಡ್ಡು ಕೊಡುತ್ತೆ?

ಇಲ್ಲಿ ಕಾನ್‌ಸ್ಟೇಬಲ್ ಅಂದರೆ ನಮ್ಮ ಕಡೆಯ ಪೇದೆ ಅಲ್ಲ, ಚುನಾವಣೆಯಲ್ಲಿ ಗೆದ್ದ ಅಧಿಕಾರಿ. ಹ್ಯಾರಿಸ್‌ನಲ್ಲಿ ಎಂಟು ಜನ ಇದ್ದಾರೆ, ಕೈಕೆಳಗೆ ಡೆಪ್ಯುಟಿಗಳು. ಅಸೋಸಿಯೇಷನ್ನೋ ಎಂಯುಡಿಯೋ ಕೌಂಟಿಯ ಜೊತೆ ಒಪ್ಪಂದ ಮಾಡಿಕೊಂಡು ಸಂಬಳದ ಪಾಲು ಕೊಟ್ಟರೆ ಒಬ್ಬ ಡೆಪ್ಯುಟಿ ಹೆಚ್ಚಿನ ಸಮಯ ನಿಮ್ಮ ಬೀದಿಗಳಲ್ಲೇ ಇರುತ್ತಾರೆ. ಒಪ್ಪಂದ ಇರಲಿ ಬಿಡಲಿ, ತುರ್ತಿಗೆ 911. ಊರಿಗೆ ಹೋಗುವಾಗ ಮನೆ ಮೇಲೆ ಕಣ್ಣಿಡಿ ಅಂತ ಮೊದಲೇ ತಿಳಿಸಿಟ್ಟರೆ ಬಂದು ನೋಡುತ್ತಾರೆ.

ಹಳೆ ಬಡಾವಣೆಯ ಕಾಗದದಲ್ಲಿ "ಬಿಳಿಯರು ಮಾತ್ರ" ಅನ್ನುವ ಸಾಲು ಕಂಡಿತು!

ಹೌದು, ಅಂಥ ಸಾಲುಗಳು ಹಳೆ ಡೀಡ್‌ಗಳಲ್ಲಿ ಇನ್ನೂ ಇವೆ. 1948ರಲ್ಲಿ ಸುಪ್ರೀಂ ಕೋರ್ಟ್ ಶೆಲ್ಲಿ ಮೊಕದ್ದಮೆಯಲ್ಲಿ ಕೋರ್ಟುಗಳು ಅವನ್ನು ಜಾರಿ ಮಾಡಬಾರದು ಅಂದಿತು. 1968ರ ಕಾನೂನು ಮನೆ ಮಾರಾಟದಲ್ಲಿ ಇಂಥ ಭೇದವನ್ನೇ ನಿಷೇಧಿಸಿತು. ಈಗ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. 2021ರ ಟೆಕ್ಸಸ್ ಕಾನೂನಿನಂತೆ ಕಾಗದದಿಂದಲೇ ತೆಗೆಸಲೂಬಹುದು. ನಮಗೂ ಇದಕ್ಕೂ ಏನು ಸಂಬಂಧ ಅಂದರೆ, 1923ರಲ್ಲಿ ಇದೇ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಪೌರರಾಗುವಂತಿಲ್ಲ ಅಂದಿತ್ತು. ಆ ಸಾಲು ಬರೆದವರ ಕಣ್ಣಲ್ಲಿ ನಾವು ಯಾವ ಕಡೆ ಅನ್ನುವುದರಲ್ಲಿ ಅನುಮಾನ ಬೇಡ.

ಹ್ಯೂಸ್ಟನ್ ನಗರ ನಮ್ಮನ್ನು ಸೇರಿಸಿಕೊಳ್ಳುತ್ತಾ?

ಮೊದಲು ಹಾಗೆ ಮಾಡುತ್ತಿದ್ದರು. 1996ರಲ್ಲಿ ಕಿಂಗ್‌ವುಡ್ ಬಡಾವಣೆಯನ್ನು ಅಲ್ಲಿಯವರ ವಿರೋಧದ ನಡುವೆಯೇ ಸೇರಿಸಿಕೊಂಡರು. 2017 ಮತ್ತು 2019ರ ಕಾನೂನುಗಳು ಬಂದ ಮೇಲೆ ಅಲ್ಲಿಯವರ ಒಪ್ಪಿಗೆ ಇಲ್ಲದೆ ಹೆಚ್ಚುಕಡಿಮೆ ಸಾಧ್ಯವಿಲ್ಲ. ಮುಖ್ಯ ರಸ್ತೆಯ ಅಂಗಡಿಗಳಲ್ಲಿ ಮಾತ್ರ ಹ್ಯೂಸ್ಟನ್ ಮಾರಾಟ ತೆರಿಗೆ ತೆಗೆದುಕೊಂಡು ಎಂಯುಡಿಗೆ ಪಾಲು ಕೊಡುವ ಒಪ್ಪಂದಗಳು ಬೇಕಾದಷ್ಟಿವೆ.

ಮನೆ ಮಾರುವಾಗ ಅಸೋಸಿಯೇಷನ್‌ಗೆ ಏನಾದರೂ ಕೊಡಬೇಕಾ?

ರೀಸೇಲ್ ಸರ್ಟಿಫಿಕೇಟ್ ಬೇಕು. ಅದಕ್ಕೆ 375 ಡಾಲರಿಗಿಂತ ಜಾಸ್ತಿ ಕೇಳುವಂತಿಲ್ಲ. ಬಾಕಿ, ಉಲ್ಲಂಘನೆ ಎಲ್ಲ ಅದರಲ್ಲಿ ಬರುತ್ತದೆ.

ಮೀಟಿಂಗ್‌ಗೆ ಹೋಗಿ ಏನು ಪ್ರಯೋಜನ? ನಾವಿನ್ನೂ ವೀಸಾದಲ್ಲಿದ್ದೇವೆ.

ಎಂಯುಡಿ, ಕೌಂಟಿ, ಶಾಲೆಯ ಚುನಾವಣೆಗಳಲ್ಲಿ ಪೌರತ್ವ ಇಲ್ಲದೆ ವೋಟಿಲ್ಲ. ಅಸೋಸಿಯೇಷನ್ನಿನಲ್ಲಿ ಹಾಗಲ್ಲ. ಮನೆ ನಿಮ್ಮ ಹೆಸರಲ್ಲಿದೆಯಾ, ವೋಟಿದೆ. ಎಚ್-1ಬಿ ಆದರೂ ಸರಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷದಿಂದ ನಿಂತಿದ್ದರೂ ಸರಿ. ಬೋರ್ಡ್‌ಗೂ ನಿಲ್ಲಬಹುದು. ನಾನು ನಿಂತಾಗ ನನ್ನ ಪಾಸ್‌ಪೋರ್ಟಿನ ಮೇಲೆ ಸಿಂಹಲಾಂಛನವೇ ಇತ್ತು. ಈ ದೇಶದಲ್ಲಿ ನಾನು ಹಾಕಿದ ಮೊದಲ ವೋಟು ಈಜುಕೊಳದ ರಿಪೇರಿಗೆ.

ಹೊಸ ಬಡಾವಣೆಯಾದರೆ ಮೊದಲಿಗೆ ಬೋರ್ಡ್ ಡೆವಲಪರ್ ಕೈಯಲ್ಲಿರುತ್ತದೆ. ಶೇ 75ರಷ್ಟು ನಿವೇಶನ ಮಾರಾಟವಾದ 120 ದಿನದೊಳಗೆ ಕನಿಷ್ಠ ಮೂರನೇ ಒಂದು ಪಾಲು ಸದಸ್ಯರನ್ನು ಮನೆಯವರು ಆರಿಸಬೇಕು. ಬೋರ್ಡ್ ಸಭೆಗಳು ಸದಸ್ಯರಿಗೆ ತೆರೆದಿರಬೇಕು, ಮಾಮೂಲಿ ಸಭೆಗೆ 144 ಗಂಟೆ ಮೊದಲೇ ತಿಳಿಸಬೇಕು. ಲೆಕ್ಕಪತ್ರ ನೋಡಬೇಕು ಅಂತ ಸರ್ಟಿಫೈಡ್ ಮೇಲ್‌ನಲ್ಲಿ ಕೇಳಿದರೆ 10 ಕೆಲಸದ ದಿನದೊಳಗೆ ತೋರಿಸಬೇಕು, ಇಲ್ಲವೇ ಯಾವಾಗ ತೋರಿಸುತ್ತೇವೆ ಅಂತ ಬರೆದು ತಿಳಿಸಬೇಕು.

ವಾರ್ಷಿಕ ಸಭೆಗೆ ನಾವು ಅರವತ್ತು ಕುರ್ಚಿ ಹಾಕಿದ್ದೆವು. ಬಂದವರು ಹನ್ನೊಂದು ಜನ. ಕೋರಂ ಇಲ್ಲ ಅಂತ ಸಭೆ ಮುಂದಕ್ಕೆ ಹಾಕಿ, ಡೋನಟ್ ಡಬ್ಬಿಯನ್ನು ಕಾವಲಿನವರಿಗೆ ಕೊಟ್ಟು ಬಂದೆವು. ಅದೇ ವರ್ಷ ಫೀಸು ಏರಿದಾಗ ಬಂದ ಇಮೇಲ್‌ಗಳನ್ನು ಎಣಿಸಲೂ ಇಲ್ಲ. ಸಭೆಗೆ ಬರಲಾಗದಿದ್ದರೆ ನಿಮ್ಮ ವೋಟನ್ನು ಇನ್ನೊಬ್ಬರಿಗೆ ಒಪ್ಪಿಸುವ ಪ್ರಾಕ್ಸಿ ಕಾರ್ಡ್‌ಗೆ ಸಹಿ ಹಾಕಿ ಕಳಿಸಿ. ನಮ್ಮಲ್ಲಿ ಅದು ಹಳದಿ ಬಣ್ಣದ್ದು, ಪಿಜ್ಜಾ ಕೂಪನ್ನುಗಳ ನಡುವೆ ಸೇರಿಕೊಂಡು ಬರುತ್ತದೆ.